ಒಂದು ಪದ ಬಿದ್ದುಹೋದರೆ ಏನಾಗುತ್ತೆ?

2014ರ ಏಪ್ರಿಲ್ 15. ಸುಪ್ರೀಂ ಕೋರ್ಟಿನಿಂದ ದೊಡ್ಡ ತೀರ್ಪು ಬಂತು. ನ್ಯಾಯಮೂರ್ತಿಗಳಾದ ಕೆ.ಎಸ್. ರಾಧಾಕೃಷ್ಣನ್ ಮತ್ತು ಎ.ಕೆ. ಸಿಕ್ರಿ ಅವರ ಪೀಠ, ಗಂಡು ಹೆಣ್ಣು ಎರಡೇ ಅಲ್ಲ, ಮೂರನೆಯದೂ ಇದೆ, ಅವರಿಗೂ ಸಂವಿಧಾನ ಕೊಟ್ಟ ಹಕ್ಕುಗಳಿವೆ ಅಂತ ಹೇಳಿತು. ನಮ್ಮ ಸುದ್ದಿಮನೆಯಲ್ಲಿ ಗಡಿಬಿಡಿ. ಪರದೆಯ ಕೆಳಗೆ ಪಟ್ಟಿ ಓಡಬೇಕು. ಡೆಸ್ಕಿನಲ್ಲಿದ್ದ ಹುಡುಗ ಓಡಿಬಂದು ಕೇಳಿದ. "ಸಾರ್, ಸೆಕ್ಸ್ ಅಂದ್ರೂ ಲಿಂಗ, ಜೆಂಡರ್ ಅಂದ್ರೂ ಲಿಂಗ. ಆದರೆ ತೀರ್ಪು ಹೇಳ್ತಿರೋದೇ ಇವೆರಡೂ ಬೇರೆ ಬೇರೆ ಅಂತ. ಈ ಸಾಲನ್ನ ಕನ್ನಡದಲ್ಲಿ ಹೇಗೆ ಬರೀಲಿ?"

ನಾನು ಏನು ಹೇಳಿದೆ ಗೊತ್ತಾ? "ಎರಡಕ್ಕೂ ಲಿಂಗ ಅಂತಲೇ ಹಾಕು, ಮುಂದೆ ಹೋಗು."

ಟೈಮ್ ಇರಲಿಲ್ಲ, ನಿಜ. ಆದರೆ ಅದಕ್ಕಿಂತ ದೊಡ್ಡ ನಿಜ ಏನಂದರೆ, ನನ್ನ ಹತ್ತಿರ ಪದ ಇರಲಿಲ್ಲ. ಒಂದು ಒಪ್ಪತ್ತು ಯೋಚಿಸಿದೆ. ದೇಹ ಒಂದು, ಮನಸ್ಸು ಇನ್ನೊಂದು ಅನ್ನುವ ಈ ವಿಚಾರ ಅಮೆರಿಕದ ಡಾಕ್ಟರುಗಳಿಂದ ಬಂದದ್ದು, ನಮ್ಮ ಭಾಷೆಗಳು ಇನ್ನೂ ಅಲ್ಲಿಗೆ ಮುಟ್ಟಿಲ್ಲ ಅಂದುಕೊಂಡು ಸುಮ್ಮನಾದೆ. ಅದು ತಪ್ಪು ಅಂತ ಗೊತ್ತಾಗಲಿಕ್ಕೆ ನನಗೆ ಹತ್ತು ವರ್ಷ ಬೇಕಾಯಿತು. ಗೊತ್ತಾದದ್ದು ದೆಹಲಿಯಲ್ಲೂ ಅಲ್ಲ, ಬೆಂಗಳೂರಿನಲ್ಲೂ ಅಲ್ಲ, ನಮ್ಮ ದಕ್ಷಿಣ ಕನ್ನಡದ ಮೂರು ತಾಲೂಕುಗಳ ನಡುವೆ.

2024ರಲ್ಲಿ ವೇಣೂರಿನ ಬಾಹುಬಲಿಗೆ ಮಹಾಮಸ್ತಕಾಭಿಷೇಕ ನಡೆಯಿತಲ್ಲ, ಆಗ ಅಲ್ಲಿಗೆ ಹೋಗಿದ್ದೆ. ಬೆಳ್ತಂಗಡಿ ತಾಲೂಕಿನ ವೇಣೂರು, ಫಲ್ಗುಣಿ ನದಿಯ ದಡ. 1604ರಲ್ಲಿ ತಿಮ್ಮಣ್ಣ ಅಜಿಲ ಅರಸ ನಿಲ್ಲಿಸಿದ 35 ಅಡಿಯ ಮೂರ್ತಿ. ಜನಜಂಗುಳಿಯ ನಡುವೆ ನನ್ನ ಮುಂದೆ ಒಬ್ಬ ಅಜ್ಜಿ, ಸೊಂಟದಲ್ಲಿ ಮೊಮ್ಮಗಳು. ಮಗು ತುಳುವಿನಲ್ಲಿ ಕೇಳಿತು. "ಅಜ್ಜೀ, ದೇವೆರೆಗ್ ಕುಂಟು ದಾಯೆ ಇಜ್ಜಿ?" ದೇವರಿಗೆ ಬಟ್ಟೆ ಯಾಕಿಲ್ಲ ಅಂತ. ಅಜ್ಜಿ ತಡವರಿಸಲಿಲ್ಲ. "ಆರೆಗ್ ಆಕಾಶೊನೇ ಕುಂಟು." ಅವರಿಗೆ ಆಕಾಶವೇ ಬಟ್ಟೆ.

ನೋಡಿ, ಅಜ್ಜಿ ಹೇಳಿದ್ದು ಕವಿತೆ ಅಲ್ಲ, ಶುದ್ಧ ನಿಘಂಟು. ದಿಕ್ಕು ಸೇರಿ ಅಂಬರ, ದಿಗಂಬರ. ಅಂಬರ ಅಂದರೆ ಬಟ್ಟೆಯೂ ಹೌದು, ಆಕಾಶವೂ ಹೌದು. ದಿಕ್ಕುಗಳನ್ನೇ ಉಟ್ಟವನು ದಿಗಂಬರ. ಬಿಳಿ ಬಟ್ಟೆ ಉಟ್ಟವನು ಶ್ವೇತಾಂಬರ. ಜೈನರ ಎರಡು ದೊಡ್ಡ ಪಂಗಡಗಳು, ಎರಡೂ ಹೆಸರು ಪಡೆದದ್ದು ಬಟ್ಟೆಯಿಂದ. ತುಳುವಿನ ಕುಂಟು ಅನ್ನುವ ಪದದಲ್ಲಿ ಗಂಡಸಿನ ಬಟ್ಟೆ, ಹೆಂಗಸಿನ ಬಟ್ಟೆ ಅಂತ ಭೇದ ಇಲ್ಲ. ಗಂಡಸು ಸೊಂಟಕ್ಕೆ ಸುತ್ತಿಕೊಂಡದ್ದೂ ಕುಂಟು, ಹೆಂಗಸು ಉಟ್ಟದ್ದೂ ಕುಂಟು. ಆದರೆ ಜೈನ ಮುನಿಗಳ ಲೋಕದಲ್ಲಿ ದಿಗಂಬರ ಅನ್ನುವ ಪದ ಗಂಡಸಿಗೆ ಮಾತ್ರ. ಆ ಮಗುವಿನ ಪ್ರಶ್ನೆ ನನ್ನ ತಲೆಯಲ್ಲಿ ಬೇರೆಯೇ ಆಗಿ ತಿರುಗಿತು. ಆಕಾಶವನ್ನು ಉಡುವ ಹಕ್ಕು ಈ ಅಜ್ಜಿಗೆ ಇದೆಯಾ? ಆ ಮೊಮ್ಮಗಳಿಗೆ?

ಇದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ಯಾರ ಮನಸ್ಸಿಗೂ ನೋವಾಗಬಾರದು, ಯಾರ ವಾದವೂ ತಿರುಚಿ ಹೋಗಬಾರದು.

ದಿಗಂಬರ ಸಂಪ್ರದಾಯದ ವಾದ ಹೀಗಿದೆ. ಮೋಕ್ಷಕ್ಕೆ ಪೂರ್ತಿ ಅಪರಿಗ್ರಹ ಬೇಕು. ಪರಿಗ್ರಹ ಅಂದರೆ ನನ್ನದು ಅಂತ ಇಟ್ಟುಕೊಳ್ಳುವುದು. ಮೈಮೇಲೆ ಒಂದು ಅರಿವೆ ಇದ್ದರೆ ಅದನ್ನು ಒಗೆಯಬೇಕು, ಹರಿದರೆ ಹೊಲಿಯಬೇಕು, ಕಳೆದರೆ ಇನ್ನೊಂದು ಬೇಡಬೇಕು. ಅದರ ಹಿಂದೆ ನಾಚಿಕೆ ಇದೆ, ಭಯ ಇದೆ. ಇಷ್ಟೆಲ್ಲ ಇರುವಾಗ ಪೂರ್ತಿ ಬಿಟ್ಟ ಹಾಗೆ ಎಲ್ಲಾಯಿತು? ಹಾಗಾಗಿ ಮುನಿ ಬಟ್ಟೆ ಬಿಡಬೇಕು. ಹೆಣ್ಣು ಬಟ್ಟೆ ಬಿಟ್ಟು ಓಡಾಡುವುದಕ್ಕೆ ಶಾಸ್ತ್ರದ ಒಪ್ಪಿಗೆ ಇಲ್ಲ, ಲೋಕದ ಒಪ್ಪಿಗೆಯೂ ಇಲ್ಲ. ಆದ್ದರಿಂದ ಹೆಣ್ಣಿಗೆ ಈ ಜನ್ಮದಲ್ಲಿ ಮೋಕ್ಷ ಇಲ್ಲ, ಮುಂದೆ ಗಂಡಾಗಿ ಹುಟ್ಟಿ ಪಡೆಯಬೇಕು. ಸನ್ಯಾಸ ಪಡೆದ ಆರ್ಯಿಕೆಯರಿದ್ದಾರೆ. ಒಂದು ಬಿಳಿ ಸೀರೆ, ಕೈಯಲ್ಲಿ ನವಿಲುಗರಿಯ ಪಿಂಛಿ, ಬರಿಗಾಲಿನ ನಡಿಗೆ. ಮುನಿಗಳಷ್ಟೇ ಕಠಿಣ ಬದುಕು. ಜನ ಕಾಲಿಗೆ ಬೀಳುತ್ತಾರೆ. ಆದರೆ ಶಾಸ್ತ್ರದ ಲೆಕ್ಕದಲ್ಲಿ ಅವರ ಮಹಾವ್ರತ ಉಪಚಾರದ್ದು, ಅಂದರೆ ಗೌರವಕ್ಕಾಗಿ ಹಾಗೆ ಕರೆಯುವುದು.

ಶ್ವೇತಾಂಬರರು ಇದನ್ನು ಒಪ್ಪುವುದಿಲ್ಲ. ಬಟ್ಟೆ ಮೋಕ್ಷಕ್ಕೆ ಅಡ್ಡಿ ಅಲ್ಲ, ಹೆಣ್ಣಿಗೂ ಮೋಕ್ಷ ಇದೆ ಅನ್ನುತ್ತಾರೆ. ಹತ್ತೊಂಬತ್ತನೇ ತೀರ್ಥಂಕರ ಮಲ್ಲಿ ಹೆಣ್ಣು ಅನ್ನುವುದು ಅವರ ನಂಬಿಕೆ. ದಿಗಂಬರರಿಗೆ ಅದೇ ತೀರ್ಥಂಕರ ಮಲ್ಲಿನಾಥ, ಗಂಡು. ಒಂದೇ ಹೆಸರು, ಎರಡು ಲಿಂಗ. ಇಡೀ ಜಗಳದ ಬುಡದಲ್ಲಿ ಇರುವುದು ಒಂದು ಮೊಳ ಬಟ್ಟೆ.

ಈಗ ತುಳುನಾಡಿನ ವಿಚಿತ್ರ ಕೇಳಿ. ಇಲ್ಲಿನ ಜೈನ ಅರಸು ಮನೆತನಗಳೆಲ್ಲ ನಡೆದದ್ದು ಅಳಿಯಸಂತಾನದಲ್ಲಿ. ಬಂಟ್ವಾಳ ತಾಲೂಕಿನ ನಂದಾವರದಲ್ಲಿ, ಬೆಳ್ತಂಗಡಿ ತಾಲೂಕಿನ ಬಂಗಾಡಿಯಲ್ಲಿ ಬಂಗರಸರು. ವೇಣೂರಿನಲ್ಲಿ ಅಜಿಲರು. ಮೂಡುಬಿದಿರೆಯಲ್ಲಿ ಚೌಟರು. ಈ ಮನೆಗಳಲ್ಲಿ ಮನೆತನ ಹರಿಯುವುದು ಅಪ್ಪನಿಂದ ಮಗನಿಗಲ್ಲ, ತಾಯಿಯ ಕಡೆಯಿಂದ. ಅಕ್ಕತಂಗಿಯರ ಹೊಟ್ಟೆಯಲ್ಲಿ ಹುಟ್ಟಿದವರೇ ವಾರಸುದಾರರು. ಪೋರ್ಚುಗೀಸರ ನಿದ್ದೆ ಕೆಡಿಸಿದ ಉಳ್ಳಾಲದ ರಾಣಿ ಅಬ್ಬಕ್ಕ ಚೌಟ ಮನೆತನದವಳು. ಗದ್ದುಗೆ ಅವಳಿಗೆ ಬಂದದ್ದು ಇದೇ ಕಟ್ಟಿನಿಂದ. ಮದುವೆಯಾದದ್ದು ಬಂಗರಸನನ್ನು. ವೇಣೂರಿನಲ್ಲಿ ಬಾಹುಬಲಿ ನಿಲ್ಲಿಸಿದ ತಿಮ್ಮಣ್ಣ ಅಜಿಲನ ನಂತರ ಪಟ್ಟಕ್ಕೆ ಬಂದವಳು ಮಧುರಕ್ಕ ದೇವಿ. ಆ ಮೂರ್ತಿಯ ಆವರಣದಲ್ಲೇ ಅಜಿಲನ ರಾಣಿಯರು ಕಟ್ಟಿಸಿದ ಬಸದಿಗಳಿವೆ. ಜನ ಅಕ್ಕಂಗಳ ಬಸದಿ ಅಂತ ಇಂದಿಗೂ ಕರೆಯುತ್ತಾರೆ.

ಹೆಣ್ಣಿಗೆ ಭೂಮಿ ಇತ್ತು, ಮನೆ ಇತ್ತು, ಗದ್ದುಗೆ ಇತ್ತು. ಬಸದಿ ಕಟ್ಟುವ ದುಡ್ಡೂ ಇತ್ತು. ಆ ಬಸದಿಯೊಳಗಿನ ಶಾಸ್ತ್ರ ಮಾತ್ರ ಕೊನೆಯ ಬಾಗಿಲ ಹತ್ತಿರ ಅವಳನ್ನು ನಿಲ್ಲಿಸಿತು. ನಿಲ್ಲಿಸಿತು ಅಂತ ನಾವು ಅಂದುಕೊಂಡಿದ್ದೇವೆ. ಕತೆ ಶುರುವಾಗುವುದೇ ಇಲ್ಲಿ. ಯಾಕೆಂದರೆ ಶಾಸ್ತ್ರದ ಮೂಲ ಪ್ರತಿ ಇದ್ದದ್ದು ವೇಣೂರಿನಿಂದ ಸ್ವಲ್ಪವೇ ದೂರದ ಮೂಡುಬಿದಿರೆಯಲ್ಲಿ.

ಮೂಡುಬಿದಿರೆ ಅಂದರೆ ನಮಗೆ ನೆನಪಾಗುವುದು 1430ರ ಸಾವಿರ ಕಂಬದ ಬಸದಿ. ಅದರ ಪಕ್ಕದ ಗುರು ಬಸದಿಗೆ ಇನ್ನೊಂದು ಹೆಸರಿದೆ, ಸಿದ್ಧಾಂತ ಬಸದಿ. ಹೆಸರು ಬಂದದ್ದು ಅಲ್ಲಿ ಕಾಪಾಡಿದ ತಾಳೆಗರಿಗಳಿಂದ. ಷಟ್‌ಖಂಡಾಗಮ ಅನ್ನುವ ಗ್ರಂಥ, ಅದಕ್ಕೆ 9ನೇ ಶತಮಾನದಲ್ಲಿ ವೀರಸೇನಾಚಾರ್ಯರು ಬರೆದ ಧವಳಾ ಅನ್ನುವ ದೊಡ್ಡ ಟೀಕೆ. ದಿಗಂಬರರ ಪಾಲಿಗೆ ಇದು ಅತಿ ಹಳೆಯ, ಅತಿ ದೊಡ್ಡ ಸಿದ್ಧಾಂತ ಗ್ರಂಥಗಳಲ್ಲಿ ಒಂದು. ಮೂಲ ಸೂತ್ರಗಳನ್ನು ಬರೆದವರು ಪುಷ್ಪದಂತ ಮತ್ತು ಭೂತಬಲಿ ಅನ್ನುವ ಇಬ್ಬರು ಮುನಿಗಳು. ಪರಂಪರೆ ಹೇಳುವಂತೆ ಅದರ ಮೊದಲ ಸೂತ್ರಗಳನ್ನು ಪುಷ್ಪದಂತರು ರಚಿಸಿದ್ದು ನಮ್ಮ ಬನವಾಸಿಯ ಸೀಮೆಯಲ್ಲಿ. ಭಾಷೆ ಪ್ರಾಕೃತ, ಲಿಪಿ ಹಳಗನ್ನಡ. ಇಡೀ ಭಾರತದಲ್ಲಿ ಇದರ ಹಳೆಯ ಪ್ರತಿ ಉಳಿದದ್ದು ಮೂಡುಬಿದಿರೆಯಲ್ಲಿ ಮಾತ್ರ. ಯಾತ್ರಿಕರು ಬಂದು ದೂರದಿಂದ ಕೈಮುಗಿದು, ಸಿದ್ಧಾಂತ ದರ್ಶನ ಆಯಿತು ಅಂತ ಹೋಗುತ್ತಿದ್ದರು. ಓದುವವರು ಇರಲಿಲ್ಲ.

ಈ ಗರಿಗಳನ್ನು ಬರೆಸಿದವರು ಯಾರು? ಗ್ರಂಥದ ಕೊನೆಯಲ್ಲಿ ಪ್ರಶಸ್ತಿ ಇದೆ. ಧವಳಾ ಪ್ರತಿಯನ್ನು ಬರೆಸಿದವಳು ದೇಮಿಯಕ್ಕ, ಭುಜಬಲ ಗಂಗ ಪೆರ್ಮಾಡಿಯ ಬಂಧು. ಶ್ರುತಪಂಚಮಿ ವ್ರತದ ಉದ್ಯಾಪನೆಗೆ ಅಂತ ಬರೆಸಿ, ಬನ್ನಿಕೆರೆಯ ಶುಭಚಂದ್ರ ಸಿದ್ಧಾಂತದೇವರಿಗೆ ದಾನ ಕೊಟ್ಟಳು. ಸುಮಾರು 900 ವರ್ಷದ ಹಿಂದಿನ ಮಾತು. ಜೊತೆಯಲ್ಲೇ ಇರುವ ಇನ್ನೊಂದು ಗ್ರಂಥ ಮಹಾಬಂಧ. ಅದನ್ನು ಬರೆಸಿ ಮಾಘನಂದಿ ಮುನಿಗಳಿಗೆ ಕೊಟ್ಟವಳು ಮಲ್ಲಿಕಬ್ಬೆ. ಇಬ್ಬರೂ ಹೆಂಗಸರು! ತಾವು ದಾನ ಮಾಡುತ್ತಿರುವ ಗರಿಗಳ ರಾಶಿಯಲ್ಲಿ ತಮ್ಮ ಬಗ್ಗೆ ಏನು ಬರೆದಿದೆ ಅಂತ ಅವರನ್ನು ಯಾರಾದರೂ ಕೇಳಿದ್ದರಾ?

ಏನು ಬರೆದಿತ್ತು? ಜೈನರ ಲೆಕ್ಕದಲ್ಲಿ ಆತ್ಮ ಏರಬೇಕಾದ ಮೆಟ್ಟಿಲು ಹದಿನಾಲ್ಕು. ಗುಣಸ್ಥಾನ ಅಂತಾರೆ. ಐದನೇ ಮೆಟ್ಟಿಲಿನ ಹೆಸರು ಪ್ರಾಕೃತದಲ್ಲಿ ಸಂಜದಾಸಂಜದ. ಅರ್ಧ ಸಂಯಮ, ವ್ರತ ಹಿಡಿದ ಗೃಹಸ್ಥನ ಮೆಟ್ಟಿಲು. ಆರನೆಯದರಿಂದ ಶುರುವಾಗುವುದು ಸಂಜದ. ಪೂರ್ತಿ ಸಂಯಮ, ಮುನಿಯ ದಾರಿ. ಅಲ್ಲಿಂದ ಮೇಲೆ ಮೋಕ್ಷದವರೆಗೆ ಹಾದಿ. ಮೊದಲ ಭಾಗದ 93ನೇ ಸೂತ್ರದಲ್ಲಿ ಮನುಷಿಣಿ ಅನ್ನುವ ಪದ ಇಟ್ಟುಕೊಂಡು, ಹೆಣ್ಣು ಯಾವ ಯಾವ ಮೆಟ್ಟಿಲಿನಲ್ಲಿ ಇರಬಲ್ಲಳು ಅನ್ನುವ ಪಟ್ಟಿ ಬರುತ್ತೆ. ಪಟ್ಟಿ ಸಂಜದಾಸಂಜದಕ್ಕೆ ನಿಂತರೆ ಅವಳ ಪಾಲಿಗೆ ಐದೇ ಮೆಟ್ಟಿಲು. ಅದರ ಮುಂದೆ ಸಂಜದ ಅನ್ನುವ ಇನ್ನೊಂದು ಪದ ಇದ್ದರೆ? ಬಾಗಿಲು ತೆರೆದಿದೆ ಅಂತ ಅರ್ಥ. ಮೂರು ಅಕ್ಷರದ ಪದ, ಅಷ್ಟೇ.

ಈ ಗ್ರಂಥ ಮೂಡುಬಿದಿರೆಯಿಂದ ಹೊರಗೆ ಬಂದ ಕತೆ ಪತ್ತೇದಾರಿ ಸಿನಿಮಾಗೆ ಕಮ್ಮಿ ಇಲ್ಲ. 19ನೇ ಶತಮಾನದ ಕೊನೆಯಲ್ಲಿ ಮುಂಬೈ, ಸೊಲ್ಲಾಪುರದ ಜೈನ ಶ್ರೀಮಂತರಿಗೆ ಆತಂಕ ಹುಟ್ಟಿತು. ಗರಿಗಳು ಹುಡಿಯಾಗುತ್ತಿವೆ, ನಕಲು ಮಾಡಿಸದಿದ್ದರೆ ಎಲ್ಲ ಹೋಯಿತು ಅಂತ. ಬಸದಿಯವರನ್ನು ಒಪ್ಪಿಸಿ 1896ರ ಹೊತ್ತಿಗೆ ನಕಲು ಕೆಲಸ ಶುರು ಮಾಡಿಸಿದರು. ಎಲ್ಲ ಗ್ರಂಥಗಳ ನಕಲು ಮುಗಿಯಲಿಕ್ಕೆ ಎರಡು ದಶಕಕ್ಕೂ ಹೆಚ್ಚು ಹಿಡಿಯಿತು. ಶರತ್ತು ಒಂದೇ. ನಕಲು ಮೂಡುಬಿದಿರೆಯಲ್ಲೇ ಇರಬೇಕು, ಹೊರಗೆ ಹೋಗಬಾರದು. ನಕಲು ಮಾಡುತ್ತಿದ್ದವರಲ್ಲಿ ಒಬ್ಬರು ಮಿರಜಿನ ಗಜಪತಿ ಉಪಾಧ್ಯಾಯ. ಅವರು ಗುಟ್ಟಾಗಿ ಕನ್ನಡ ಲಿಪಿಯಲ್ಲಿ ಇನ್ನೊಂದು ಪ್ರತಿ ಮಾಡಿ ಇಟ್ಟುಕೊಂಡರು.

ಇದರ ಹಿಂದೆ ಇದ್ದ ಕೈ ಯಾರದು? ಅವರ ಹೆಂಡತಿ ಲಕ್ಷ್ಮೀಬಾಯಿ. ಓದಿದ ಹೆಂಗಸು. ಈ ಗ್ರಂಥವನ್ನು ಜನ ಪೂಜೆ ಮಾಡಿದರೆ ಸಾಲದು, ಓದಬೇಕು ಅನ್ನುವ ಹಟ ಆಕೆಯದು. ಧವಳಾ ಪ್ರಕಟಣೆಯ ಸಂಪಾದಕರೇ ಮುಂದೆ ಈ ಸಂಗತಿ ದಾಖಲಿಸಿದ್ದಾರೆ.

ಆ ಗುಟ್ಟಿನ ಪ್ರತಿಯನ್ನು ಗಜಪತಿ ಉಪಾಧ್ಯಾಯರು ಸೊಲ್ಲಾಪುರಕ್ಕೆ ಕೊಂಡುಹೋದರು. ಕದ್ದು ಮಾಡಿದ್ದು ಬೇಡ ಅಂದರು ಅಲ್ಲಿನವರು. ಕೊನೆಗೆ ಉತ್ತರದ ಸಹಾರನ್‌ಪುರದಲ್ಲಿ ಒಬ್ಬ ಶ್ರೀಮಂತರು ಕೊಂಡುಕೊಂಡು ತಮ್ಮ ಬಸದಿಯಲ್ಲಿ ಇಟ್ಟರು. ಅಲ್ಲಿ ಕನ್ನಡ ಲಿಪಿ ಯಾರಿಗೆ ಬರುತ್ತೆ? ಒಬ್ಬರು ಓದುವುದು, ಇನ್ನೊಬ್ಬರು ನಾಗರಿಯಲ್ಲಿ ಬರೆಯುವುದು. ಹಾಗೆ ಬರೆದ ಪಂಡಿತರು ತಮಗಾಗಿ ಮತ್ತೊಂದು ಗುಟ್ಟಿನ ಪ್ರತಿ ಮಾಡಿಕೊಂಡರು! ಅದರಿಂದ ಇನ್ನಷ್ಟು ನಕಲು. ಹೀಗೆ ಆರಾ, ಕಾರಂಜಾ, ಅಮರಾವತಿ ಅಂತ ಊರೂರು ಸುತ್ತಿತು. ಕೊನೆಗೆ ಅಮರಾವತಿಯ ಕಾಲೇಜಿನ ಪ್ರೊಫೆಸರ್ ಹೀರಾಲಾಲ್ ಜೈನ್ ಮತ್ತು ಅವರ ಜೊತೆಯ ಪಂಡಿತರು 1939ರಲ್ಲಿ ಮೊದಲ ಸಂಪುಟ ಅಚ್ಚು ಹಾಕಿಸಿದರು. ಒಟ್ಟು 16 ಸಂಪುಟ. ಮುಗಿದದ್ದು 1958ರಲ್ಲಿ.

ಮೊದಲ ಸಂಪುಟದಲ್ಲೇ ಬಾಂಬ್ ಇತ್ತು. 93ನೇ ಸೂತ್ರದ ಹತ್ತಿರ ಬಂದಾಗ ಸಂಪಾದಕರು ತಲೆ ಕೆರೆದುಕೊಂಡರು. ಅವರ ಕೈಯಲ್ಲಿದ್ದ ನಕಲುಗಳಲ್ಲಿ ಪಟ್ಟಿ ಸಂಜದಾಸಂಜದಕ್ಕೆ ನಿಂತಿದೆ. ಆದರೆ ಕೆಳಗಿನ ಟೀಕೆಯಲ್ಲಿ ವೀರಸೇನರು ಒಂದು ಪ್ರಶ್ನೆ ಎತ್ತಿ ಉತ್ತರ ಕೊಡುತ್ತಿದ್ದಾರೆ. ಪ್ರಶ್ನೆ ಏನು? ಹಾಗಾದರೆ ಈ ಸೂತ್ರದಿಂದಲೇ ಹೆಂಗಸಿಗೆ ಮೋಕ್ಷ ಸಿದ್ಧವಾಗಿಬಿಡುತ್ತದಲ್ಲ ಅಂತ ಯಾರಾದರೂ ಕೇಳಿದರೆ ಅನ್ನುವ ಪ್ರಶ್ನೆ. ನೀವೇ ಹೇಳಿ, ಸೂತ್ರದಲ್ಲಿ ಬಾಗಿಲು ತೆರೆಯುವ ಪದವೇ ಇಲ್ಲದಿದ್ದರೆ ಈ ಪ್ರಶ್ನೆ ಎಲ್ಲಿಂದ ಹುಟ್ಟುತ್ತೆ? ಉತ್ತರ ಇದೆ, ಪ್ರಶ್ನೆಯ ಕಾರಣ ಇಲ್ಲ! ಇಲ್ಲಿ ಸಂಜದ ಅನ್ನುವ ಪದ ಬಿಟ್ಟುಹೋದ ಹಾಗೆ ಕಾಣುತ್ತೆ ಅಂತ ಸಂಪಾದಕರು ಅಡಿಟಿಪ್ಪಣಿ ಹಾಕಿದರು.

ಬಿಟ್ಟುಹೋದದ್ದು ಹೇಗೆ? ಪದಗಳನ್ನೇ ಸ್ವಲ್ಪ ನೋಡಿ. ಸಂಜದಾಸಂಜದ, ಅದರ ಬೆನ್ನಿಗೇ ಸಂಜದ. ಒಂದೇ ಥರದ ಅಕ್ಷರ ಮೂರು ಸಲ. ನಕಲು ಮಾಡುವವನ ಕಣ್ಣು ಜಾರಲಿಕ್ಕೆ ಇಷ್ಟು ಸಾಕು. ನಮ್ಮ ಟೆಲಿಪ್ರಾಂಪ್ಟರಿನಲ್ಲಿ ವಾರಕ್ಕೊಮ್ಮೆ ಆಗುವ ಎಡವಟ್ಟು ಇದೇ.

ಅನುಮಾನ ಪರಿಹಾರಕ್ಕೆ ಒಂದೇ ದಾರಿ. ಮೂಡುಬಿದಿರೆಗೆ ಕೇಳಬೇಕು. ಆ ಹೊತ್ತಿಗೆ ಊರಿನ ಮನಸ್ಸೂ ಬದಲಾಗಿತ್ತು, ಅಚ್ಚಾದ ಸಂಪುಟ ನೋಡಿ ಸಂತೋಷಪಟ್ಟಿದ್ದರು. ಮೂಡುಬಿದಿರೆಯ ಪಂಡಿತ ಲೋಕನಾಥ ಶಾಸ್ತ್ರಿಗಳು ತಾಳೆಗರಿ ಬಿಚ್ಚಿ, ಅಚ್ಚಿನ ಪ್ರತಿ ಪಕ್ಕ ಇಟ್ಟುಕೊಂಡು ತಾಳೆ ನೋಡಿದರು. 93ನೇ ಸೂತ್ರ. ಗರಿಯಲ್ಲಿ ಸಂಜದ ಇತ್ತು.

ಬಿರುಗಾಳಿ ಎದ್ದಿತು. ಪತ್ರಿಕೆಗಳಲ್ಲಿ ಲೇಖನದ ಮೇಲೆ ಲೇಖನ, ಪಂಡಿತರ ಸಭೆ, ಖಂಡನೆ, ಪ್ರತಿಖಂಡನೆ. 1940ರ ದಶಕದಲ್ಲಿ ಈ ಗ್ರಂಥವನ್ನು ಶಾಶ್ವತವಾಗಿ ಉಳಿಸಲು ತಾಮ್ರದ ಹಾಳೆಗಳಲ್ಲಿ ಕೆತ್ತಿಸುವ ಕೆಲಸ ಶುರುವಾದಾಗ ಜಗಳ ಮತ್ತೆ ಭುಗಿಲೆದ್ದಿತು. ಆ ಒಂದು ಪದವನ್ನು ಕೆತ್ತಬೇಕೋ, ಬಿಡಬೇಕೋ? ಗರಿಯಲ್ಲಿದೆ, ಕೆತ್ತಲೇಬೇಕು ಅಂದರು ಕೆಲವರು. ಕೆತ್ತಿದರೆ ನಮ್ಮ ಸಿದ್ಧಾಂತಕ್ಕೇ ಪೆಟ್ಟು ಅಂದರು ಇನ್ನು ಕೆಲವರು.

ಈಗ ನನ್ನ ಡೆಸ್ಕಿನ ಹುಡುಗನ ಪ್ರಶ್ನೆಗೆ ವಾಪಸ್ ಬರೋಣ. ಯಾಕೆಂದರೆ ಈ ಜಗಳದ ನಡುವೆ ಬಂದ ಎರಡು ಪದಗಳೇ ಅವನಿಗೆ ನಾನು ಕೊಡಬೇಕಾಗಿದ್ದ ಉತ್ತರ. ದ್ರವ್ಯ ಮತ್ತು ಭಾವ.

ದ್ರವ್ಯಸ್ತ್ರೀ ಅಂದರೆ ದೇಹದಿಂದ ಹೆಣ್ಣು. ಭಾವಸ್ತ್ರೀ ಅಂದರೆ ಒಳಗಿನ ಭಾವದಿಂದ ಹೆಣ್ಣು. ಜೈನ ಶಾಸ್ತ್ರದಲ್ಲಿ ಕಾಮನೆಗೆ ವೇದ ಅಂತ ಹೆಸರು. ಋಗ್ವೇದ ಯಜುರ್ವೇದದ ವೇದ ಅಲ್ಲ, ಒಳಗೆ ಅನುಭವಕ್ಕೆ ಬರುವ ವೇದನೆಯ ವೇದ. ಅದು ಮೂರು ಬಗೆ. ಪುರುಷವೇದ, ಸ್ತ್ರೀವೇದ, ನಪುಂಸಕವೇದ. ದೇಹ ಒಂದಾಗಿ ವೇದ ಇನ್ನೊಂದಾಗಿ ಇರಬಹುದು ಅಂತ ಶಾಸ್ತ್ರ ಒಪ್ಪುತ್ತೆ. ಶ್ರವಣಬೆಳಗೊಳದ ಮೂರ್ತಿ ನಿಲ್ಲಿಸಿದ ಚಾವುಂಡರಾಯನ ಗುರು ನೇಮಿಚಂದ್ರರು 10ನೇ ಶತಮಾನದಲ್ಲಿ ಗೊಮ್ಮಟಸಾರ ಬರೆದರು. ಅದರಲ್ಲಿ ಈ ಮೂರಕ್ಕೂ ಮೂರು ಬೆಂಕಿಯ ಹೋಲಿಕೆ ಕೊಟ್ಟಿದ್ದಾರೆ. ಒಂದು ಹುಲ್ಲಿನ ಬೆಂಕಿ, ಇನ್ನೊಂದು ಬೆರಣಿಯ ಬೆಂಕಿ, ಮೂರನೆಯದು ಇಟ್ಟಿಗೆ ಗೂಡಿನ ಬೆಂಕಿ. ಅಮೆರಿಕದ ಮನೋವೈದ್ಯ ರಾಬರ್ಟ್ ಸ್ಟೋಲರ್ ಸೆಕ್ಸ್ ಬೇರೆ, ಜೆಂಡರ್ ಬೇರೆ ಅಂತ ವಿವರಿಸುವ ಪುಸ್ತಕ ಬರೆದದ್ದು 1968ರಲ್ಲಿ. ಲೆಕ್ಕ ನೀವೇ ಹಾಕಿ.

ನಿಲ್ಲಿ, ನಿಲ್ಲಿ. ಚಪ್ಪಾಳೆ ತಟ್ಟಬೇಡಿ. ಎಲ್ಲವೂ ನಮ್ಮಲ್ಲೇ ಮೊದಲು ಇತ್ತು ಅಂತ ಎದೆ ತಟ್ಟಿಕೊಳ್ಳುವ ಕಾರ್ಯಕ್ರಮ ಇದಲ್ಲ. ಇಷ್ಟು ಸೂಕ್ಷ್ಮವಾದ ಪದಗಳನ್ನು ನಮ್ಮವರು ಬಳಸಿದ್ದು ಯಾವುದಕ್ಕೆ ಅಂತ ಪೂರ್ತಿ ಕೇಳಿ.

ಸೂತ್ರದಲ್ಲಿ ಸಂಜದ ಇದೆ ಅಂತ ಒಪ್ಪಿದ ಪಂಡಿತರೂ ಒಂದು ಮಾತು ಹೇಳಿದರು. ಇಲ್ಲಿ ಮನುಷಿಣಿ ಅಂದರೆ ನಿಜವಾದ ಹೆಂಗಸು ಅಲ್ಲ, ಭಾವಸ್ತ್ರೀ. ಅಂದರೆ ದೇಹದಿಂದ ಗಂಡು, ಒಳಗೆ ಸ್ತ್ರೀವೇದ ಇರುವವನು. ಅವನಿಗೆ ಮೆಟ್ಟಿಲು ಏರಲು ಅಡ್ಡಿಯಿಲ್ಲ. ಸಾವಿರ ವರ್ಷದ ಹಿಂದೆಯೇ ವೀರಸೇನರು ಹಾಕಿಕೊಟ್ಟ ದಾರಿ ಇದು. ದೇಹದಿಂದ ಹೆಣ್ಣಾದವಳಿಗೆ ಯಾಕಿಲ್ಲ ಅನ್ನುವುದಕ್ಕೆ ಅವರು ಕೊಟ್ಟ ಮೊದಲ ಕಾರಣ ಒಂದೇ. ಅವಳು ಬಟ್ಟೆ ಉಟ್ಟವಳು. ಅಂದರೆ ಹೆಣ್ಣಿನ ಮನಸ್ಸು ಮೋಕ್ಷಕ್ಕೆ ಅಡ್ಡಿ ಅಲ್ಲ. ಹೆಣ್ಣಿನ ಮನಸ್ಸಿದ್ದ ಗಂಡಿಗೆ ಮೋಕ್ಷ ಇದೆ. ಅಡ್ಡಿಯಾದದ್ದು ಸೀರೆ! ಆ ಸೀರೆ ಬಿಡಲಿಕ್ಕೆ ಅವಳನ್ನು ಬಿಡದವರು ಯಾರು ಅಂತ ಕೇಳಿದರೆ ನಾವು, ಲೋಕ. ನಮ್ಮ ಕಣ್ಣಿನ ತಪ್ಪಿಗೆ ಅವಳಿಗೆ ಇನ್ನೊಂದು ಜನ್ಮದ ದಂಡ. ಇದು ನನ್ನ ಮಾತು, ಶಾಸ್ತ್ರದ್ದಲ್ಲ. ಒಪ್ಪದವರು ಬಯ್ಯಬಹುದು.

ಆದರೆ ಇದಕ್ಕೆ ಉತ್ತರ ಕೊಟ್ಟವರು ಹೊರಗಿನಿಂದ ಬಂದವರಲ್ಲ, ಇದೇ ಕನ್ನಡ ನೆಲದವರು. ಯಾಪನೀಯ ಅನ್ನುವ ಜೈನ ಪಂಥವೊಂದು ಕರ್ನಾಟಕದಲ್ಲಿ ಇತ್ತು. ಬನವಾಸಿಯ ಕದಂಬರು 5ನೇ ಶತಮಾನದಲ್ಲೇ ಅವರಿಗೆ ದಾನ ಕೊಟ್ಟ ಶಾಸನವಿದೆ. ಅವರ ಮುನಿಗಳು ದಿಗಂಬರರ ಹಾಗೆ ಬಟ್ಟೆ ಬಿಟ್ಟವರು. ಆದರೆ ಹೆಣ್ಣಿಗೆ ಮೋಕ್ಷ ಇದೆ ಅಂದವರು. ಎರಡೂ ಕಡೆಯ ನಡುವೆ ನಿಂತವರು. 9ನೇ ಶತಮಾನದಲ್ಲಿ, ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಈ ಪಂಥದ ಶಾಕಟಾಯನ ಅನ್ನುವ ವೈಯಾಕರಣಿ ಇದ್ದರು. ತಮ್ಮ ವ್ಯಾಕರಣದ ವೃತ್ತಿಗೆ ಅಮೋಘವೃತ್ತಿ ಅಂತ ದೊರೆಯ ಹೆಸರನ್ನೇ ಇಟ್ಟರು. ಸ್ತ್ರೀನಿರ್ವಾಣ ಪ್ರಕರಣ ಅನ್ನುವ ಚಿಕ್ಕ ಗ್ರಂಥ ಕೂಡ ಅವರದೇ. ವೀರಸೇನರು, ಅವರ ಶಿಷ್ಯ ಜಿನಸೇನರು ಇದ್ದ ಅದೇ ರಾಷ್ಟ್ರಕೂಟ ರಾಜ್ಯ, ಅದೇ ಶತಮಾನ.

ಶಾಕಟಾಯನರ ವಾದ ವೈಯಾಕರಣಿಗೆ ತಕ್ಕದ್ದು. ಒಂದು ಪದಕ್ಕೆ ನೇರವಾದ ಅರ್ಥ ಹೊಂದುತ್ತಿರುವಾಗ ಅದನ್ನು ಬಿಟ್ಟು ಸುತ್ತುಬಳಸಿನ ಅರ್ಥ ಹುಡುಕಬಾರದು. ಶಾಸ್ತ್ರದಲ್ಲಿ ಸ್ತ್ರೀ ಅಂತ ಇದ್ದರೆ ಅದು ಹೆಂಗಸೇ. ಬಟ್ಟೆಯ ಬಗ್ಗೆಯೂ ಅಷ್ಟೇ ನೇರ. ಮುನಿಯ ಕೈಯಲ್ಲಿ ಪಿಂಛಿ ಇದೆ, ಅದು ಪರಿಗ್ರಹ ಆಗುವುದಿಲ್ಲ, ಧರ್ಮ ಪಾಲಿಸುವ ಸಾಧನ ಅನ್ನುತ್ತೀರಿ. ಹಾಗಾದರೆ ಆರ್ಯಿಕೆಯ ಬಟ್ಟೆಯೂ ಧರ್ಮ ಪಾಲಿಸುವ ಸಾಧನವೇ. ಪರಿಗ್ರಹ ಅನ್ನುವುದು ಅರಿವೆಯಲ್ಲಿ ಇಲ್ಲ, ಅದರ ಮೇಲಿನ ಆಸೆಯಲ್ಲಿದೆ.

ಯಾಪನೀಯ ಪಂಥ ಕಾಲಕ್ರಮೇಣ ಕರಗಿಹೋಯಿತು. ಆದರೆ ಶಾಕಟಾಯನರ ಗ್ರಂಥ ಉಳಿಯಿತು. ಅದನ್ನು ಇಂಗ್ಲಿಷಿಗೆ ತಂದು ಜಗತ್ತಿಗೆ ತೋರಿಸಿದವರು ಎಲ್ಲಿಯವರು ಗೊತ್ತಾ? ಮೂಡುಬಿದಿರೆ ಬಳಿಯ ನೆಲ್ಲಿಕಾರಿನವರು.

ಪದ್ಮನಾಭ ಜೈನಿ. 1923ರಲ್ಲಿ ನೆಲ್ಲಿಕಾರಿನ ದಿಗಂಬರ ಕುಟುಂಬದಲ್ಲಿ ಹುಟ್ಟಿದ ಹುಡುಗ. ಬನಾರಸ್, ಲಂಡನ್, ಮಿಷಿಗನ್ ಸುತ್ತಿ 1972ರಿಂದ ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡಿದರು. 2021ರಲ್ಲಿ ತೀರಿಕೊಂಡರು. 1991ರಲ್ಲಿ ಅವರ ಜೆಂಡರ್ ಅಂಡ್ ಸಾಲ್ವೇಶನ್ ಅನ್ನುವ ಪುಸ್ತಕ ಬಂತು. ಹೆಣ್ಣಿಗೆ ಮೋಕ್ಷ ಇದೆಯೋ ಇಲ್ಲವೋ ಅನ್ನುವ ಜೈನರ ಜಗಳದ ಆರು ಗ್ರಂಥಗಳ ಅನುವಾದ. ದಿಗಂಬರರ ಕುಂದಕುಂದ, ಪ್ರಭಾಚಂದ್ರ, ಜಯಸೇನರ ವಾದ. ಎ‌ದುರಿಗೆ ಯಾಪನೀಯ ಶಾಕಟಾಯನರು, ಶ್ವೇತಾಂಬರ ಮೇಘವಿಜಯರು. ತಾನು ಹುಟ್ಟಿದ ಮನೆಯ ವಾದವನ್ನೂ, ಅದರ ವಿರುದ್ಧದ ವಾದವನ್ನೂ ಒಂದೇ ತಕ್ಕಡಿಯಲ್ಲಿ ಇಟ್ಟರು. ನಮ್ಮ ಪ್ಯಾನೆಲ್ ಚರ್ಚೆಗಳಲ್ಲಿ ಇದು ಸಾಧ್ಯವಾ? ನನ್ನ ಕಾರ್ಯಕ್ರಮವನ್ನೂ ಸೇರಿಸಿಯೇ ಕೇಳುತ್ತಿದ್ದೇನೆ.

ಇಂಗ್ಲಿಷಿಗೆ ಹೋದ ಪದಗಳ ಪಾಡೇ ಬೇರೆ. ದಿಗಂಬರಕ್ಕೆ ಇಂಗ್ಲಿಷಿನಲ್ಲಿ ಸ್ಕೈಕ್ಲಾಡ್ ಅಂತಾರೆ, ಅಜ್ಜಿ ಹೇಳಿದ ಹಾಗೆ ಆಕಾಶ ಉಟ್ಟವನು. ಅದೇ ಪದವನ್ನು ಇಂಗ್ಲೆಂಡಿನ ವಿಕ್ಕಾ ಅನ್ನುವ ಹೊಸ ಪಂಥದವರು ಬಟ್ಟೆಯಿಲ್ಲದೆ ಪೂಜೆ ಮಾಡುವುದಕ್ಕೆ ಬಳಸುತ್ತಾರೆ. ಗಂಡಸರಿಗೂ, ಹೆಂಗಸರಿಗೂ. ಜೈನರಲ್ಲಿ ಗಂಡಸಿಗೆ ಮಾತ್ರ ಮೀಸಲಾಗಿದ್ದ ಪದ ಸಮುದ್ರ ದಾಟಿದ ಮೇಲೆ ಇಬ್ಬರದೂ ಆಯಿತು.

ನಾನು ಜೈನ ಪಂಡಿತನಲ್ಲ. ಹೆಣ್ಣಿಗೆ ಮೋಕ್ಷ ಇದೆಯೋ ಇಲ್ಲವೋ ತೀರ್ಪು ಕೊಡುವ ಕುರ್ಚಿ ನನ್ನದಲ್ಲ. ಅದು ಆ ಸಮಾಜದ ಒಳಗಿನ ಮಾತು, ಸಾವಿರ ವರ್ಷದಿಂದ ನಡೆದಿದೆ, ನಡೆಯಲಿ. ಆದರೆ ಒಂದು ಮಾತು ನನ್ನ ವೃತ್ತಿಗೆ ಸಂಬಂಧಪಟ್ಟದ್ದು. ವೀರಸೇನರಿಗೆ ಆ ಪದದಿಂದ ತೊಂದರೆ ಇತ್ತು. ಅವರ ಸಿದ್ಧಾಂತಕ್ಕೆ ಅದು ಒಗ್ಗುತ್ತಿರಲಿಲ್ಲ. ಆದರೂ ಅವರು ಪದ ಅಳಿಸಲಿಲ್ಲ. ಇಟ್ಟುಕೊಂಡು, ಅದರ ಎದುರು ನಿಂತು ವಾದ ಮಾಡಿದರು. ಅವರ ಆ ವಾದ ಉಳಿದದ್ದರಿಂದಲೇ ಬಿದ್ದುಹೋದ ಪದ ಸಾವಿರ ವರ್ಷದ ನಂತರ ಪತ್ತೆಯಾಯಿತು. ಮೂಡುಬಿದಿರೆಯವರೂ ಅಷ್ಟೇ. ಗರಿಯಲ್ಲಿ ಇದ್ದದ್ದನ್ನು ಇದೆ ಅಂತಲೇ ಹೇಳಿದರು. ತಾಮ್ರದ ಮೇಲೆ ಕೆತ್ತುವಾಗ ಬಿಡೋಣ ಅಂದವರ ಹತ್ತಿರ ಅಧಿಕಾರ ಇರಬಹುದು. ಗರಿಯ ಹತ್ತಿರ ಪದ ಇತ್ತು.

ನಾವು ದಿನಕ್ಕೆ ಎಷ್ಟು ಪದ ಬಿಡುತ್ತೇವೆ? ಒಂದು ಹೇಳಿಕೆಯ ಅರ್ಧ ಕತ್ತರಿಸುತ್ತೇವೆ. ಕಷ್ಟವಾದ ಪದ ಬಂದರೆ "ಲಿಂಗ ಅಂತಲೇ ಹಾಕು, ಮುಂದೆ ಹೋಗು" ಅನ್ನುತ್ತೇವೆ. ಆ ಪದದ ಮೇಲೆ ಯಾರದೋ ಬದುಕು ನಿಂತಿರುತ್ತೆ. 2014ರ ಆ ದಿನ ತೀರ್ಪಿಗಾಗಿ ಕಾದು ಕೂತಿದ್ದವರಿಗೆ ಅದು ವ್ಯಾಕರಣದ ಪ್ರಶ್ನೆ ಆಗಿರಲಿಲ್ಲ.

ಡೆಸ್ಕಿನ ಹುಡುಗ ಈಗ ಬೇರೆ ಕಡೆ ಇದ್ದಾನೆ. ಈಚೆಗೆ ಫೋನ್ ಮಾಡಿ ದ್ರವ್ಯ, ಭಾವ ಅಂತ ಎರಡು ಪದ ಸಿಕ್ಕಿತು ಮಾರಾಯ, ಮೂಡುಬಿದಿರೆಯಲ್ಲಿ ಇತ್ತು ಅಂದೆ. ನಕ್ಕ. "ಹತ್ತು ವರ್ಷ ಲೇಟ್ ಸಾರ್" ಅಂದ.

ದೇಮಿಯಕ್ಕ ಬರೆಸಿದಳು. ಮೂಡುಬಿದಿರೆ ಕಾಪಾಡಿತು. ಲಕ್ಷ್ಮೀಬಾಯಿ ಗುಟ್ಟಾಗಿ ನಕಲು ಮಾಡಿಸಿ ಹೊರಗೆ ತಂದಳು. ಮುಂದಿನ ಸಲ ಸಾವಿರ ಕಂಬದ ಬಸದಿಗೆ ಹೋದಾಗ ಕಂಬ ಎಣಿಸಿ ಫೋಟೋ ತೆಗೆದು ವಾಪಸ್ ಬರಬೇಡಿ. ಪಕ್ಕದ ಗುರು ಬಸದಿಯ ಕಡೆಗೂ ನಾಲ್ಕು ಹೆಜ್ಜೆ ಹಾಕಿ. ಅಲ್ಲಿನ ಗರಿಯಲ್ಲಿ ಮೂರು ಅಕ್ಷರ ಇವೆ.